ಎರಡು ಲಟ್ಟಣಿಗಿ

ದಿನಕ್ಕ ಇನ್ನೂರಾ ಇಪ್ಪತ್ತು ಚಪಾತಿ.
ಸಹಕಾರನಗರದ ಹದಿನೆಂಟು ಮನಿ, ಒಂದು ಹಾಸ್ಟೆಲು,
ಒಬ್ಬಂಟಿ ವಕೀಲ ಒಬ್ಬಾಂವ, ಆತಗ ಎರಡೇ, ಎಣ್ಣಿ ಹಚ್ಚಬಾರದು.
ಹನ್ನೊಂದಕ್ಕ ಕಡೀ ಡಬ್ಬಿ ಮುಚ್ಚಿದಾಗ
ಬಲಗಡೆ ರಟ್ಟಿ ನನ್ನದಲ್ಲ ಅನಸ್ತದ,
ಯಾರೋ ಗೂಟಕ್ಕ ಹಾಕಿ ಮರತುಹೋದ ಚೀಲದಂಗ.

ಯಾರಿಗೂ ಹೇಳಿಲ್ಲ.
ನಮ್ಮ ಮನ್ಯಾಗ ನೋವಿನ ಪಾಳಿ ಈಗ ಮಗಳದು.

ಶಾಂಭವಿ ಕಬಡ್ಡಿ ಆಡತಾಳ.
ಜಿಲ್ಲಾ ಪಂದ್ಯಕ್ಕ ಇನ್ನ ಹನ್ನೆರಡು ದಿನ,
ರೇಡಿಗೆ ಹೋದಾಕಿ ಕುಂಟಕೋತ ಬಂದಳು,
ಮೀನಖಂಡದಾಗ ಲಿಂಬಿಹಣ್ಣಿನಷ್ಟು ಗಂಟು.
ಬಿಸಿನೀರಿನ ಚೀಲ ಇಟ್ಟೆ, ಅದು ಬುಡದಾಗ ಸೋರೂದು.
ಉಪ್ಪು ಹುರದು ಅರಿವ್ಯಾಗ ಕಟ್ಟಿದೆ.
ಬಿಸಿ ಬೇಕೋ, ಬರ್ಫ ಬೇಕೋ ಅಂತ
ಓಣಿ ಎರಡು ಪಕ್ಷ ಆತು.
"ರೋಲರ್ ತಗೊಳ್ರಿ" ಅಂದ್ರು ಮೋಹಿತೆ ಸರ್.
ಯಾವ ರೋಲರು, ಎಷ್ಟು ರೊಕ್ಕ, ಹೇಳಲಿಲ್ಲ.

ಐತವಾರ ಟಿಳಕ ರಸ್ತೆಕ್ಕ ಹೋದ್ವಿ.
ಅಂಗಡಿ ಹಲಗಿ ತುಂಬ ಸಾಮಾನು: ಮುಳ್ಳಿನ ಚೆಂಡು,
ನೀಲಿ ರಬ್ಬರ್ ಪಟ್ಟಿ, ಥರ್ಮಾಕೋಲಿನಂಥಾ ದಿಂಡು
(ಎತ್ತಿ ನೋಡಿದೆ, ಹತ್ತಿಗಿಂತ ಹಗರ, ಒಂಬೈನೂರು),
ಮತ್ತ ಒಂದು ಪಿಸ್ತೂಲು.
"ಮಸಾಜ್ ಗನ್, ಕಾಕೂ" ಅಂದ ಅನಿಕೇತ, ಅಂಗಡಿ ಹುಡುಗ,
ಕೇಳೂಕಿಂತ ಮದಲ ನನ್ನ ರಟ್ಟಿಗೇ ಹಚ್ಚಿದ.

ಡರ್ರ್ ಅಂತು. ಹಲ್ಲು ಅದರಿದುವು,
ಕಿವ್ಯಾಗಿನ ಓಲಿ ಕುಣದುವು,
ಮಂದಿ ತಿರುಗಿ ನೋಡೂಹಂಗ ನಕ್ಕೆ.
ನಗಕೋತ ನಗಕೋತ ಯಾಕೋ ಕಣ್ಣು ತುಂಬಿದುವು.
ಪುಣೆಗೆ ಬಂದು ಹದಿನಾರು ವರ್ಷ,
ಆ ಜಾಗಾನ ಯಾರೂ ಮಾತಾಡಿಸಿದ್ದಿಲ್ಲ.
ಶಾಂಭವಿ ನೋಡೇಬಿಟ್ಟಳು.

"ಎಷ್ಟಪಾ ಇದು?"
"ಮೂರು ಸಾವಿರದಾ ನಾನೂರು."
ಚಪಾತಿಗೆ ಐದರಂಗ ಲೆಕ್ಕ ತಾನೇ ಆತು.
ಆರ್ನೂರಾ ಎಂಬತ್ತು ಲಟ್ಟಿಸಿದ ಮ್ಯಾಲ
ಎಲ್ಲಿ ನೋಯ್ತದ ಅಂತ ಕೇಳೂ ಪಿಸ್ತೂಲು.
ವಾಪಸ್ ಕೊಟ್ಟೆ.
ಮುಳ್ಳಿಲ್ಲದ ಗಟ್ಟಿ ಚೆಂಡೊಂದು, ನೂರಾ ಎಂಬತ್ತಕ್ಕ,
ಮಗಳ ಹಟಕ್ಕ ತಗೊಂಡ್ವಿ.

ದಿಂಡಿನ ಬದಲಿಗೆ ಹಳೇ ಲಟ್ಟಣಿಗಿ ಹುಡುಕಿದೆ,
ತುದಿ ಸೀಳಿದ್ದು, ಸಾಗವಾನಿದು.
ಅರಿವಿ ಸುತ್ತಿ ಆಕಿ ಮೀನಖಂಡದ ಮ್ಯಾಲ ಉರುಳಿಸಿದೆ,
ಹಿಮ್ಮಡದ ಕಡೆಯಿಂದ ಮ್ಯಾಲಕ,
ಹಿಟ್ಟಿಗೆ ಮಾಡೂಹಂಗಲ್ಲ, ಎಲುಬು ತಗಲದಂಗ,
"ಹಾಂ, ಅಲ್ಲೇ" ಅಂದಲ್ಲಿ ನಿಂತು, ಉಸುರು ಎಣಿಸಿ.
ನನ್ನ ರಟ್ಟಿ ತಿಂದ ಕಟಗಿ
ಆಕಿ ಕಾಲಿಗೆ ಬಂದಾಗ ಮೆತ್ತಗಾತು.

ಒಂದಿನ ಅದಲಾಬದಲಿ ಆತು.
ವಕೀಲ ಫೋನ್ ಮಾಡಿದ: "ಮಾವಶಿ, ಇವತ್ತು ಚಪಾತಿ
ಮುಲಾಮಿನ ವಾಸನಿ ಹೊಡ್ಯಾಕತ್ತದ.
ಮೂಗು ಮಾತ್ರ ಬಿಚ್ಚಿತು ನೋಡ್ರಿ."
ಅವತ್ತಿನಿಂದ ಕಾಲಿನ ಲಟ್ಟಣಿಗಿಗೆ
ಉಗುರುಬಣ್ಣದ ಕೆಂಪು ಗೆರಿ.

ಚೆಂಡು ಯಾರಿಗಂತ ಆಕಿ ರಾತ್ರಿ ಹೇಳಿದಳು.
ಗ್ವಾಡಿಗೂ ಬೆನ್ನಿನ ರೆಕ್ಕಿ ಎಲುಬಿಗೂ ನಡುವ ಇಟ್ಟು ನಿಲ್ಲಬೇಕಂತ.
ಎರಡು ಸಲ ಜಾರಿ ಕಪಾಟಿನ ಕೆಳಗ ಹೋತು,
ಕೆಳಗಿನ ಮನಿ ವತ್ಸಲಾಬಾಯಿ ಕಸಬರಿಗಿಲೆ ಛತ್ತು ಬಡದಳು.
ಮೂರನೇ ಸಲಕ್ಕ ಸಿಕ್ಕಿತು ಗಂಟು,
ಗೋದಿ ಚೀಲದ ಬಾಯಿಗೆ ಬಿಗದಂಥಾದ್ದು.

"ಒತ್ತಬ್ಯಾಡವ್ವ, ಸಡಿಲ ಬಿಡು."
"ಬಿಟ್ಟೀನಲ್ಲ."
"ಇಲ್ಲ, ಇನ್ನೂ ಹಿಡದೀದಿ."

ಕಿಟಕ್ಯಾಗ ಪರ್ವತಿ ಗುಡ್ಡದ ದೀಪ.
ನಾ ಕಣ್ಣು ಮುಚ್ಚಿ ಗ್ವಾಡಿಗೆ ಆನಿ ನಿಂತೀನಿ,
ಏನು ಹಿಡದೀನಿ ಅಂತ
ಒಳಗ ಹುಡುಕಕೋತ.